ಹಾಜರಿ

ಶಹಾಬಾದಿನ ನಮ್ಮ ಪಡಸಾಲೆಗೆ
ಪಾಲಿಶ್ ಕಾಣದ ಹದಿಮೂರು ಫರಸಿ.
ಸೊನ್ನೆಯಿಂದ ಹನ್ನೆರಡರ ತನಕ ಹೆಸರಿಟ್ಟೆ.
ವರ್ಗಗಳನ್ನು ಹದಿಮೂರರಿಂದ ಭಾಗಿಸಿ
ಶೇಷ ಬಿದ್ದಲ್ಲೆಲ್ಲ ಸುಣ್ಣದ ಬೊಟ್ಟು:
ಒಂದು, ಮೂರು, ನಾಲ್ಕು, ಒಂಬತ್ತು, ಹತ್ತು, ಹನ್ನೆರಡು.
ಮಿಕ್ಕ ಆರಕ್ಕೆ ಒಲೆಯ ಇದ್ದಲಿ.
ಸೊನ್ನೆಗೆ ಏನೂ ಇಲ್ಲ, ಅದು ಹೊಸ್ತಿಲು.

ಆರು ಬಿಳಿ, ಆರು ಕರಿ, ಕೂಡಿದರೆ ಏನೂ ಉಳಿಯದು.
ಅದು ಗೊತ್ತಿದ್ದದ್ದೇ.
ಖಮರುನ್ನಿಸಾ ಟೀಚರ್ ಕೇಳಿದ್ದು ಬೇರೆ:
"ಬಾಜೂಬಾಜು ಕುಂತವರದು ಹೇಳು.
ಬಣ್ಣ ಒಂದೇ ಇದ್ರ ಒಂದು ಕೂಡಿಸು,
ಬ್ಯಾರೆ ಇದ್ರ ಒಂದು ಕಳಿ."

ಮಂಡಿಯೂರಿ ಎಣಿಸಿದೆ.
ಐದು ಜೋಡಿಗೆ ಸ್ನೇಹ, ಆರಕ್ಕೆ ಜಗಳ,
ಹೊಸ್ತಿಲ ಜೊತೆ ಯಾರ ಲೆಕ್ಕವೂ ಇಲ್ಲ. ಒಂದು ಕಡಿಮೆ.
ಅಂಗಳದಲ್ಲಿ ಹದಿನೇಳು ಬರೆದೆ, ಒಂದು ಕಡಿಮೆ.
ಹತ್ತೊಂಬತ್ತಕ್ಕೆ ಮೊಣಕಾಲು ತರಚಿತು,
ಆಗಲೂ ಒಂದು ಕಡಿಮೆ.

ಅವ್ವ ಕಲ್ಲುಮಿಶಿನ್ನಿನ ಶೆಡ್ಡಿನಲ್ಲಿ ಹಾಜರಿ ಬರೆಯುವವಳು.
ಸೆರಗಿನ ಧೂಳು ಕೊಡವುತ್ತ ನೋಡಿ ಅಂದಳು:
"ಲೆಕ್ಕ ತಪ್ಪಿದ್ರ ಒಮ್ಮಿ ಹೆಚ್ಚು, ಒಮ್ಮಿ ಕಡಿಮಿ.
ದಿನಾ ಒಂದೇ ಕಡಿಮಿ ಬಂತಂದ್ರ
ತಪ್ಪಲ್ಲ ಅದು.
ಯಾರೋ ಬಂದಿಲ್ಲ."

ಯಾರು?

ರಾತ್ರಿ ಕರೆಂಟು ಹೋದ ಮೇಲೆ ಎಣಿಸುವುದು ಬಿಟ್ಟೆ.
ಯಾವುದಾದರೂ ಕಲ್ಲು ಹಿಡಿ, ಮುಂದಿನದರಿಂದ ಗುಣಿಸು,
ಅದರದೇ ವರ್ಗವನ್ನು ಹೊರಗೆ ತೆಗೆ.
ವರ್ಗ ಯಾವತ್ತೂ ಬಿಳಿ,
ಚಪ್ಪಲಿಯ ಹಾಗೆ ಬಾಗಿಲಲ್ಲೇ ಬಿಡಬಹುದು.
ಒಳಗೆ ಬಂದದ್ದು ವಿಲೋಮ, ಅದರ ಮೇಲೊಂದು.

ಕತ್ತಲಲ್ಲಿ ಎಲ್ಲರೂ ಎದ್ದರು.
ಎರಡು ಏಳರ ಜಾಗಕ್ಕೆ, ಏಳು ಎರಡರದಕ್ಕೆ,
ಮೂರು ಒಂಬತ್ತಕ್ಕೆ, ಐದು ಎಂಟಕ್ಕೆ.
ಆಮೇಲೆ ಒಂದೊಂದು ಹೆಜ್ಜೆ ಮುಂದೆ.
ಹನ್ನೆರಡು ಹೋಗಿ ಹೊಸ್ತಿಲ ಮೇಲೆ ನಿಂತಿತು.
ಕಲ್ಲಿಗೊಬ್ಬರು, ಎಲ್ಲ ತುಂಬಿತು,
ಒಂದನೆಯದು ಖಾಲಿ.
ಅಲ್ಲಿಗೆ ಬರಬೇಕಾದಾಕೆ ಸೊನ್ನೆಯಿಂದ ಹೊರಡಬೇಕಿತ್ತು.
ಸೊನ್ನೆಗೆ ವಿಲೋಮವಿಲ್ಲ.
ಆಕೆ ಎದ್ದೇ ಇಲ್ಲ.

ಹದಿಮೂರೇ ಇರಲಿ, ಸಾವಿರದ ಒಂಬತ್ತೇ ಇರಲಿ,
ಇಡೀ ಓಣಿ ಕೂಡಿದರೆ ಸೊನ್ನೆ;
ಆ ಒಂದು ಬಿಳಿ ಬರಲಿಲ್ಲ, ಅಷ್ಟೆ.

ಬೆಳಿಗ್ಗೆ ಅವ್ವ ಪಡಸಾಲೆ ಒರೆಸಿದಳು.
ಸುಣ್ಣ, ಇದ್ದಲಿ ಒಂದೇ ಬೂದು ನೀರಾಗಿ ಮೋರಿ ಸೇರಿದವು.
"ಸಿಕ್ಕಳೇನ?" ಅಂದಳು.
"ಸಿಕ್ಕಳು. ಬಂದಿಲ್ಲ."
"ಹಂಗಾರ ಗೈರು ಬರಿ."

ಒದ್ದೆ ಕಲ್ಲಿನ ಮೇಲೆ ಬರೆದೆ:
ಮೊದಲು ಅಡ್ಡಗೆರೆ,
ಆಮೇಲೆ ಒಂದು.