ಬೊಕ್ಕೆ ಎಲೆ

ಮೊದಲು ಮರ ಯಾವುದು ಹೇಳು,
ಗಂಟಿನ ಮಾತು ಆಮೇಲೆ.
ನಮ್ಮ ಮೇಷ್ಟ್ರ ಪಾಠ ಇಷ್ಟೇ.
ಒಂದೊಂದು ಹುಳಕ್ಕೂ ಒಂದೊಂದೇ ಮರದ ಋಣ.

ಹಾಗಾಗಿ ಕಟಪಾಡಿಯ ಬೇಲಿ ಬೇಲಿ ಅಲೆದೆ.
ಹೊಂಗೆಯ ಎಲೆ ತುಂಬ ಹಸಿರು ಬೆರಳುಗಳು,
ತುದಿ ಬಾಗಿಸಿ ಯಾರನ್ನೋ ಕರೆಯುವ ಹಾಗೆ;
ಮಾವಿನೆಲೆಗೆ ಸಾಸಿವೆ ಸಿಡಿದು ಅಂಟಿದ ಹಾಗೆ;
ನೇರಳೆಯದ್ದು ಒಂದು ಕಡೆ ಗುಳಿ, ಮಗುಚಿದರೆ ಉಬ್ಬು.
ಎಲ್ಲ ಹಳೆ ಪೇಪರಿನ ನಡುವೆ,
ಮೇಲೆ ಕಡೆಯುವ ಕಲ್ಲಿನ ಗುಂಡು.
ಕೆಲವನ್ನು ಬ್ಲೇಡಿನಲ್ಲಿ ಸೀಳಿದೆ:
ಒಳಗೊಂದು ಕೋಣೆ,
ಕೋಣೆಯಲ್ಲೊಂದು ಬಿಳಿಯ ಅಲ್ಪವಿರಾಮ.
ಕೆಲವು ಖಾಲಿ. ಗೋಡೆಯಲ್ಲಿ ಸೂಜಿಮೊನೆಯಷ್ಟು ಬಾಗಿಲು.

ವಾರಿಜ ದೊಡ್ಡಮ್ಮ ಜಗಲಿಯಲ್ಲಿ, ಮಡಿಲಲ್ಲಿ ತಡ್ಪೆ.
ಒದ್ದೆ ಗೋಣಿ ಬಿಚ್ಚಿ ಬೀಡಿ ಎಲೆ ಒಂದೊಂದೇ ಸವರುತ್ತಾಳೆ,
ಕಣ್ಣು ಟೀವಿಯ ಧಾರಾವಾಹಿಯಲ್ಲಿ.
ಬೆರಳು ತಡೆದಲ್ಲಿ ಎಲೆ ಹಿಂದಕ್ಕೆ ಹಾರುತ್ತದೆ:
ಬೊಕ್ಕೆ.
ಬೊಕ್ಕೆ ಎಲೆ ಸುತ್ತಿದರೆ ಹರಿಯುತ್ತದೆ,
ಬ್ರಾಂಚಿನಲ್ಲಿ ಕಟ್ಟಿನಿಂದ ಕಿತ್ತು ಎಸೆಯುತ್ತಾರೆ,
ಸಾವಿರಕ್ಕೆ ಐವತ್ತು ಕಡಿಮೆ ಬರೆಯುತ್ತಾರೆ.

ಬಿಸಾಡಿದ ರಾಶಿಯ ಮುಂದೆ ಲೆನ್ಸು ಹಿಡಿದು ಕೂತೆ.
"ಇದು ಯಾವ ಊರಿನ ಹುಳ, ದೊಡ್ಡಮ್ಮ?"
"ಎಲೆ ಘಟ್ಟದಾಚೆ ಎಲ್ಲಿಂದಲೋ ಲಾರಿಯಲ್ಲಿ ಬರ್ತದೆ.
ಮರವನ್ನೇ ನಾನು ನೋಡಿದ್ದಿಲ್ಲ ಮಾರಾಯ್ತಿ,
ನಲ್ವತ್ತು ವರ್ಷ ಆಯ್ತು."
ಮತ್ತೆ ತೋರುಬೆರಳಿನ ಜಡ್ಡು ಮುಂದೆ ಚಾಚಿ,
"ಇದಕ್ಕೆ ಯಾವ ಹುಳ ಬರ್ಕೊಳ್ತಿ?"
ನಾನು ಸುಮ್ಮನಾದೆ. ಅವಳೇ ನಕ್ಕಳು:
"ಬ್ರಾಂಚಿನ ಕಂಟ್ರಾಕ್ಟ್ರು ಅಂತ ಬರಿ."

ಆಟಿ ಅಮಾವಾಸ್ಯೆ ಬಂತು.
ಪ್ರತಿ ವರ್ಷ ಪಾಲೆಯ ಕೆತ್ತೆ ತರುತ್ತಿದ್ದ ದೊಡ್ಡಪ್ಪನ
ಎರಡೂ ಕಣ್ಣಿಗೆ ಈಗ ಪೊರೆ.
ಹೆಂಗಸರು ಹೋಗುವ ಕ್ರಮ ಇಲ್ಲ ಎಂದರು ಪಕ್ಕದ ಮನೆಯವರು.
"ಕ್ರಮ ಮಾಡಿದವ ಬಂದು ಕೆತ್ತೆ ತರ್ತಾನಾ?"
ಸೆರಗಲ್ಲಿ ಕಲ್ಲು ಕಟ್ಟಿ ಹೊರಟೇಬಿಟ್ಟಳು, ಹಿಂದೆ ನಾನು.
ಕಬ್ಬಿಣ ತಾಗಬಾರದು, ಬೆಳಕು ಮೂಡಬಾರದು;
ಟಾರ್ಚು ಒತ್ತಿದ್ದಕ್ಕೆ ಕೈಗೊಂದು ಪೆಟ್ಟು ಬಿತ್ತು.

ಗುಡ್ಡೆಯಲ್ಲಿ ಕಪ್ಪು ಆಕಾಶಕ್ಕೆ ಒರಗಿ ಎರಡು ಕಪ್ಪು ಮರ.
ಒಂದು ಪಾಲೆ. ಇನ್ನೊಂದು ಕಾಸರಕ.
ಅದರ ಕೆತ್ತೆ ಅರೆದು ಕುಡಿದವರ ಮನೆಯಲ್ಲಿ
ಆಮೇಲಿನ ಮೆಂತೆಗಂಜಿ ಹಾಗೇ ಆರಿತಂತೆ,
ಅಜ್ಜಿ ದನಿ ತಗ್ಗಿಸಿ ಹೇಳುತ್ತಿದ್ದಳು.
ಮೊದಲು ಮರ ಯಾವುದು ಹೇಳು.
ನನ್ನ ನೋಟ್‌ಬುಕ್ಕು ಮನೆಯಲ್ಲಿ,
ಮೇಷ್ಟ್ರು ಶಿರ್ವದಲ್ಲಿ, ನಿದ್ದೆಯಲ್ಲಿ.

ಅವಳು ಗೆಲ್ಲು ಬಗ್ಗಿಸಿ ಎಣಿಸಿದಳು,
ಬೀಡಿ ಎಣಿಸುವ ಹಾಗೆ, ತುಟಿ ಆಡದೆ:
ಒಂದೇ ಗೆಣ್ಣಿನ ಸುತ್ತ ಏಳು.
ತೊಟ್ಟು ಮುರಿದಳು. ಹಾಲು. ಅಂಟು.
ಆದರೂ ಕಲ್ಲು ಎತ್ತಲಿಲ್ಲ.
ಎಲೆಯನ್ನು ಎರಡು ಬೆರಳ ನಡುವೆ ಹಿಡಿದು
ಬುಡದಿಂದ ತುದಿಗೆ ಸವರಿದಳು, ಮತ್ತೊಂದು ಸವರಿದಳು.
ಬೆರಳು ತಡೆಯಿತು.
"ಹಾಂ. ಬೊಕ್ಕೆ ಉಂಟು. ಇದುವೇ."
ನಲ್ವತ್ತು ವರ್ಷ ಬಿಸಾಡಿದ ಆ ಬೆರಳು
ಕತ್ತಲಲ್ಲಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು.
ಆಮೇಲೆ ಕಲ್ಲಿನ ಸದ್ದು.

ಬೊಳ್ಕಲ್ಲು ಕಾಯಿಸಿ ಹಾಕಿದ ಕಷಾಯ ಎಂದಿನ ಹಾಗೆ ಕಹಿ.
ಗಂಜಿಗೆ ಬೆಲ್ಲ ಜಾಸ್ತಿ ಬಿದ್ದಿತ್ತು,
ದೊಡ್ಡಪ್ಪ ಎರಡು ಸಲ ಹಾಕಿಸಿಕೊಂಡರು.

ಮಧ್ಯಾಹ್ನ ಬರೆದೆ:
ಮರ, ಪಾಲೆ. ಜಾಗ, ಶಾಲೆಯ ಹಿಂದಿನ ಗುಡ್ಡೆ.
ಹುಳ, ಇನ್ನೂ ನೋಡಬೇಕು.
ಗುರುತಿಸಿದವರು, ವಾರಿಜ ಪೂಜಾರ್ತಿ.
ಅಂಟಿಸಲೆಂದು ಎಲೆಗೆ ಕೈ ಹಾಕಿದರೆ ಜಗಲಿ ಖಾಲಿ.
"ಅದಾ? ಬೊಕ್ಕೆ ಎಲೆ ಅಲ್ವಾ," ಅಂದಳು ಟೀವಿಯಿಂದ ಕಣ್ಣು ತೆಗೆಯದೆ,
"ಆಗಲೇ ಗುಡಿಸಿ ಹಾಕಿದೆ."