ಎಳೆ ಸಿಗುವ ತನಕ

ಬೆರಳು ಕೊಡಿ ಅಂದೆ. ಕೊಟ್ಟರು.
ಯಾವುದಕ್ಕೆ ಚುಚ್ಚಲಿ?
ಹತ್ತೂ ಬೆಂದಿವೆ.
ಇಪ್ಪತ್ತೆರಡು ವರ್ಷ ಬಿಸಿನೀರ ಬಾಣಲೆಯಲ್ಲಿ
ಗೂಡು ತಡವಿ ತಡವಿ
ತುದಿಗಳೆಲ್ಲ ನೆನೆದ ಅವಲಕ್ಕಿಯ ಹಾಗೆ ಬಿಳಿಚಿ, ಬಿರಿದು,
ಗೆರೆಗಳೇ ಅಳಿಸಿಹೋಗಿವೆ.
ರೇಷನ್ ಅಂಗಡಿಯ ಯಂತ್ರ ಇವರನ್ನು ಗುರುತು ಹಿಡಿಯುವುದಿಲ್ಲವಂತೆ,
ಅಲ್ಲಿ ಮಗಳ ಹೆಬ್ಬೆಟ್ಟು.

ಶಿಡ್ಲಘಟ್ಟದ ಆಸ್ಪತ್ರೆ, ರಾತ್ರಿ ಹನ್ನೊಂದೂವರೆ.
ಖುರ್ಷಿದಾ ಬೇಗಂ, ನಲವತ್ತಾರು, ರೀಲಿಂಗ್ ಕೆಲಸ.
ನಡುಕ. ಜ್ವರ ನೂರಾಮೂರು. ಉಸಿರು ಮೇಲೆ ಮೇಲೆ.
ಬಲಗೈ ಹೆಬ್ಬೆರಳು ಬದನೆಕಾಯಿ.
ಅಲ್ಲಿಂದೊಂದು ಕೆಂಪು ಎಳೆ
ಮಣಿಕಟ್ಟು ದಾಟಿ ಮೊಣಕೈಗೆ ಹತ್ತಿದೆ,
ಯಾರೋ ಒಳಗೆ ಕೂತು ನೂಲು ತೆಗೆಯುತ್ತಿರುವ ಹಾಗೆ.

ಎಡಗೈ ಉಂಗುರಬೆರಳಿನ ಪಕ್ಕ ಕೊಂಚ ಮೆತ್ತಗಿತ್ತು.
ಚುಚ್ಚಿದೆ. ಬರಲಿಲ್ಲ.
ಹಿಂಡಬಾರದು, ಹಿಂಡಿದರೆ ನೀರು ಬೆರೆಯುತ್ತದೆ
ಅಂತ ತರಬೇತಿಯಲ್ಲಿ ಹೇಳಿದ್ದರು.
ಅವರೇ ಅಂದರು, ಕಣ್ಣು ಮುಚ್ಚಿಕೊಂಡೇ:
"ಕೈ ಇಳಿಬಿಡ್ತೀನಿ ತಾಳಮ್ಮ. ಕೆಳಕ್ಕೇ ತಾನೆ ಹರಿಯೋದು."
ಮೂರನೇ ಸಲಕ್ಕೆ ಒಂದು ಹನಿ,
ದಾಳಿಂಬೆ ಕಾಳಿನಷ್ಟು.

ಪಟ್ಟಿಯ ಬಾಯಿಗೆ ಹನಿ, ಹನಿಯ ಮೇಲೆ ದ್ರಾವಣ.
ಗಡಿಯಾರ ಒತ್ತಿದೆ. ಇಪ್ಪತ್ತು ನಿಮಿಷ.

ಈ ಮೇಜಿನ ಎಡಗಡೆ ಡ್ರಾಯರಿನಲ್ಲಿ ಒಂದು ವರದಿ ಇದೆ.
ದಿಬ್ಬೂರಹಳ್ಳಿಯ ಗಂಗರತ್ನ, ಬಾಣಂತಿ.
ಅವಳ ರಕ್ತ ಸೀಸೆಯೊಳಗೆ ಬೆಳಗಿನ ಬಸ್ಸು ಹತ್ತಿ
ಬೆಂಗಳೂರಿಗೆ ಹೋಯಿತು, ಬೆಚ್ಚಗೆ ಮಲಗಿತು,
ರೋಗಾಣು ಮೊಳೆಯಿತು, ಅದಕ್ಕೊಂದು ಹೆಸರಿಟ್ಟರು,
ಯಾವ ಔಷಧಿಗೆ ಸಾಯುತ್ತದೆಂದು ಬರೆದು
ನಾಲ್ಕನೇ ದಿನ ಕಳಿಸಿದರು.
ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ.
ವರದಿ ಒಯ್ಯಲು ಯಾರೂ ಬರಲಿಲ್ಲ.

ಆರನೇ ನಿಮಿಷ. ಮೊದಲ ಗೆರೆ.
ಪಟ್ಟಿ ಸರಿಯಿದೆ ಅನ್ನುವ ಗೆರೆ, ಅಷ್ಟೆ.
ಡಾಕ್ಟರ್ ಅಶ್ವತ್ಥರೆಡ್ಡಿ ಕಾಯಲಿಲ್ಲ, ಸಲೈನ್ ಹಾಕಿಸಿದರು.
"ಮುಖವೇ ವರದಿ ಕಣಮ್ಮ, ಪಟ್ಟಿ ಬರೀ ಸಾಕ್ಷಿ."
ಸಾಕ್ಷಿಯೂ ಬೇಕು ಸಾರ್.
ನೆಗಡಿಗೂ ದೊಡ್ಡ ಇಂಜೆಕ್ಷನ್ ಕೊಡಿ ಅಂತ
ಹಗಲೆಲ್ಲ ಜಗಳಕ್ಕೆ ನಿಲ್ಲುವವರಿಗೆ ತೋರಿಸಬೇಕಲ್ಲ:
ನೋಡಿ, ಎರಡನೇ ಗೆರೆ ಇಲ್ಲ,
ಗಂಜಿ ಕುಡಿದು ಮಲಗಿ, ನಾಳೆ ಬನ್ನಿ.

ಹನ್ನೊಂದು. ಹದಿನಾಲ್ಕು.
ಬಗ್ಗಿ ನೋಡುತ್ತೇನೆ.
ಬಿಳಿಯ ಮೇಲೆ ಏನೋ ಇದೆಯೋ,
ನಿದ್ದೆಗೆಟ್ಟ ನನ್ನ ಕಣ್ಣೋ.
ಅವರು ತಲೆ ಹೊರಳಿಸಿದರು.
ಕೊತಕೊತ ನೀರಲ್ಲಿ, ಹುಳದ ವಾಸನೆಯ ಹಬೆಯಲ್ಲಿ
ಕಾಣದ ತುದಿಯನ್ನು
ದಿನಕ್ಕೆ ಸಾವಿರ ಸಲ ಹಿಡಿದ ಕಣ್ಣು.
"ಬಂದೈತೆ," ಅಂದರು. "ಗುಲಾಬಿ. ದಪ್ಪ ಆಗ್ತಾ ಐತೆ."

ಬಣ್ಣದ ಕಾರ್ಡಿನ ಪಕ್ಕ ಹಿಡಿದೆ.
ಕೊನೆಯ ಮನೆ.

ಆಮೇಲೆ ಎಲ್ಲ ಒಟ್ಟೊಟ್ಟಿಗೆ.
ಇನ್ನೊಂದು ಸೂಜಿ, ನರದೊಳಗೆ ಇಳಿವ ಔಷಧಿ,
ಕೋಲಾರವೋ ಚಿಕ್ಕಬಳ್ಳಾಪುರವೋ ಎಂದು
ಫೋನಿನಲ್ಲೇ ಹಾಸಿಗೆ ಹುಡುಕುವ ಗ್ರೇಸಮ್ಮ ಸಿಸ್ಟರ್,
ಹೊರಗೆ ಆಂಬುಲೆನ್ಸಿನ ನೀಲಿ ಬೆಳಕು.

ಸ್ಟ್ರೆಚರಿನ ಮೇಲಿಂದ ಕೇಳಿದರು:
"ಆ ಪಟ್ಟಿಗೆ ಎಷ್ಟಮ್ಮ?"
ನಿಮಗೇನಿಲ್ಲ. ಸರ್ಕಾರಕ್ಕೆ
ಒಂದು ಕೇಜಿ ಗೂಡಿನ ಬೆಲೆ ಬೀಳುತ್ತೆ.
"ಇವತ್ತಿನ ರೇಟಾ, ನಿನ್ನೇದಾ?"

ಗೊತ್ತಿಲ್ಲ ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ರಿಜಿಸ್ಟರಿನಲ್ಲಿ ಅವರ ಎಡ ಹೆಬ್ಬೆಟ್ಟು:
ಗೆರೆಯಿಲ್ಲದ ಒಂದು ನೀಲಿ ಮಚ್ಚೆ.
ಫ್ರಿಜ್ಜಿನಲ್ಲಿ ಇನ್ನು ನಾಲ್ಕು ಪಟ್ಟಿ.
ಬೆಳಗಾಗಲು ಆರು ಗಂಟೆ.