ಹೊಲಿದ ಜೇಬು

ಮನಾಮಾದ ಚಿನ್ನದ ಸೂಕಿನಲ್ಲಿ
ನಮ್ಮ ಸಮವಸ್ತ್ರಕ್ಕೆ ಜೇಬಿಲ್ಲ.
ಇದ್ದಂತೆ ಕಾಣುತ್ತದೆ: ಬಾಯಿ ಇದೆ, ಒಳಗೆ ಹೊಲಿಗೆ.
ಹೊಲಿದವನು ಇಲ್ಯಾಸ್ ಮಾಸ್ಟರ್, ಸಿಯಾಲ್‌ಕೋಟಿನವನು,
ಹಲ್ಲಲ್ಲಿ ದಾರ ಕಡಿಯುತ್ತ ಕೇಳಿದ:
"ಏನಿಡಬೇಕಿತ್ತು ಇದರಲ್ಲಿ?"
ಕರವಸ್ತ್ರ, ಎಂದೆ.
ನಕ್ಕ. ನನ್ನ ಕೈಲಿದ್ದ ನೂರು ಫಿಲ್ಸು ಇಸಿದುಕೊಂಡ,
ಮುಷ್ಟಿ ಕಟ್ಟಿದ, ಬಿಡಿಸಿದ.
ಇರಲಿಲ್ಲ.
"ಜೇಬು ಮುಚ್ಚುವವನಿಗೆ
ಬೇರೆ ದಾರಿ ಗೊತ್ತಿರುತ್ತೆ."

ಹಾಗೆ ಶುರು. ಶುಕ್ರವಾರ ಮಧ್ಯಾಹ್ನ
ಅವನು ನಮಾಜು ಮುಗಿಸಿ ಬಂದ ಮೇಲೆ
ಅರ್ಧ ಇಳಿಸಿದ ಶಟರಿನ ಹಿಂದೆ
ಇಸ್ತ್ರಿ ಮೇಜಿನ ಮೇಲೆ ಪಾಠ.
ಹೆಬ್ಬೆರಳ ಬುಡದ ಮಾಂಸದಲ್ಲಿ ನಾಣ್ಯ ಕಚ್ಚಿ ಹಿಡಿಯಬೇಕು,
ಹಿಡಿದ ಕೈ ಹಿಡಿದಂತೆ ಕಾಣಬಾರದು;
ಬಸ್ಸಿಗೆ ಕಾಯುವವನ ಕೈಯಂತೆ ಜೋತಿರಬೇಕು.
ನನ್ನದು ಜೋಲುತ್ತಿರಲಿಲ್ಲ.
ಹನ್ನೊಂದು ವರ್ಷ ಬಳೆ ತೆಗೆದು, ಬಳೆ ಇಟ್ಟು,
ಪ್ರತಿ ಸಲವೂ ಎರಡೂ ಅಂಗೈ ಮೇಲೆತ್ತಿ
ಕ್ಯಾಮೆರಾಗೆ ತೋರಿಸಿದ ಕೈ ಅದು.
ನಿದ್ದೆಯಲ್ಲೂ ತೋರಿಸುತ್ತೇನಂತೆ,
ಎದುರು ಮಂಚದ ಸುಬ್ರಾಯ ಹೇಳುತ್ತಾನೆ.

ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಬೇಡ, ಎಂದ ಮಾಸ್ಟರ್.
ಮಕ್ಕಳು ಮೇಜಿನ ಕೆಳಗೂ ನೋಡುತ್ತಾರೆ.
ದೊಡ್ಡವರಿಗೆ ಆಡು; ನೀನು ನೋಡಿದಲ್ಲೇ ನೋಡುತ್ತಾರೆ.
ಒಂದೇ ಕಷ್ಟ. ಮೋಸಹೋದೆ ಅನ್ನಿಸಿದರೆ
ಮಕ್ಕಳು ಇನ್ನೊಮ್ಮೆ ಮಾಡು ಅನ್ನುತ್ತಾರೆ,
ದೊಡ್ಡವರು ಪರ್ಸು ಮುಟ್ಟಿ ನೋಡಿಕೊಳ್ಳುತ್ತಾರೆ.

ಎಂಟು ತಿಂಗಳು. ನಾಣ್ಯ ರಾತ್ರಿ ಟೈಲ್ಸಿಗೆ ಬಿದ್ದಾಗಲೆಲ್ಲ
ಸುಬ್ರಾಯನ ಬೈಗುಳ, ಕುಮಟೆಯ ಕೊಂಕಣಿಯಲ್ಲಿ.
ಒಂದು ರಾತ್ರಿ ಬೀಳಲೇ ಇಲ್ಲ.
ಅವನೇ ಎದ್ದು ಕೂತು ಕೇಳಿದ, "ಏನಾಯ್ತೋ?"

ಅಂಗಡಿಯ ಇಪ್ಪತ್ತೈದನೇ ವರ್ಷದ ಊಟ, ಜುಫೈರಿನ ಹೋಟೆಲು.
ಬಿರಿಯಾನಿಗೂ ಭಾಷಣಕ್ಕೂ ನಡುವೆ ನನಗೆ ಹತ್ತು ನಿಮಿಷ.
ಇಲ್ಯಾಸ್ ಹೊಲಿದ ಕಪ್ಪು ಕೋಟು,
ಅದರಲ್ಲಿ ಏಳು ಜೇಬು; ಎಲ್ಲಿವೆ, ಹೇಳುವುದಿಲ್ಲ.

ಸೇಠಾಣಿಯ ಉಂಗುರ ಕೇಳಿ ಪಡೆದೆ.
ತೂಕ ಬೆರಳಿಗೇ ತಿಳಿಯಿತು: ಆರೂವರೆ ಗ್ರಾಂ, ಕಲ್ಲು ಬಿಟ್ಟು.
ಮುಷ್ಟಿಗೆ ಹಾಕಿದೆ. ಊದಿದೆ. ಬಿಡಿಸಿದೆ.
ಇರಲಿಲ್ಲ.

ಇನ್ನೂರು ಜನ. ಎಸಿಯ ಸದ್ದು.
ಹಿಂದಿನ ಮೇಜಿನಿಂದ ನಮ್ಮವನೇ ಯಾರೋ, ನಮ್ಮದೇ ಮಾತಿನಲ್ಲಿ:
"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ!"
ಅರ್ಥವಾದ ನಾಲ್ವರು ನಕ್ಕರು.
ನಾನು ಐದನೆಯವನು.
ಅಪ್ಪ ಈ ಗಾದೆ ಕಿವಿಗೆ ಬಿದ್ದಾಗಲೆಲ್ಲ
ಊದುಗೊಳವೆ ಕೆಳಗಿಟ್ಟು ತಕ್ಕಡಿ ಒರೆಸುತ್ತಿದ್ದರು,
ಧೂಳಿಲ್ಲದಿದ್ದರೂ.

ತಟ್ಟೆಯಿಂದ ಒಂದು ಖರ್ಜೂರ ಆರಿಸಿ, ಎಂದೆ ಸೇಠಾಣಿಗೆ.
ಅವರೇ ಆರಿಸಿದರು. ಅವರೇ ಬಿಡಿಸಿದರು.
ಬೀಜದ ಜಾಗದಲ್ಲಿ, ಅಂಟಂಟಾಗಿ, ಉಂಗುರ.
ಆಮೇಲೆ ಚಪ್ಪಾಳೆ. ಸೇಠ್ ಎದ್ದು ನಿಂತು ತಟ್ಟಿದರು.
ಸೇಠಾಣಿ ನ್ಯಾಪ್ಕಿನ್ನಿನಲ್ಲಿ ಉಂಗುರ ಒರೆಸಿ
ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದರು,
ಇನ್ನೊಮ್ಮೆ ನೋಡಿದರು.

ಮೂರನೆಯ ದಿನ ನನ್ನ ಕೌಂಟರಿನ ನೆತ್ತಿಗೆ
ಹೊಸ ಕ್ಯಾಮೆರಾ. ಹಳೆಯದು ಇದ್ದೇ ಇತ್ತು.
"ಎಲ್ಲರಿಗೂ ಹಾಕಿಸ್ತೀವಿ," ಎಂದ ಮ್ಯಾನೇಜರು,
ನನ್ನ ಮುಖ ಬಿಟ್ಟು ಕೈ ನೋಡುತ್ತ.

ಇಲ್ಯಾಸ್‌ಗೆ ಹೇಳಿದೆ.
ಸೂಜಿಗೆ ದಾರ ಪೋಣಿಸುತ್ತಿದ್ದವನು ನಿಲ್ಲಿಸಲಿಲ್ಲ.
"ಮತ್ತೆ? ಅಷ್ಟು ಚೆನ್ನಾಗಿ ಆಡಿದ್ದೀಯ."

ಈಗ ಬಳೆ ತೋರಿಸಿ ಒಳಗಿಟ್ಟ ಮೇಲೆ
ಎರಡೂ ಅಂಗೈ ಎತ್ತುತ್ತೇನೆ,
ಮೊದಲು ಹಳೆಯದಕ್ಕೆ, ಆಮೇಲೆ ಹೊಸದಕ್ಕೆ.
ಖಾಲಿ. ನಿಜಕ್ಕೂ ಖಾಲಿ.
ಇಳಿಸಿದ ಎಡಗೈ ಮಾತ್ರ ಒಂದಿಷ್ಟು ಹೊತ್ತು
ಬಸ್ಸಿಗೆ ಕಾಯುವವನ ಕೈಯಂತೆ
ಸುಮ್ಮನೆ ಜೋತಿರುತ್ತದೆ.
ಆ ಕಡೆ ಯಾರಾದರೂ ನೋಡುತ್ತಿದ್ದರೆ
ನೋಡಲಿ.